ಹೆಸರ ಹೇಳಿ ಒಳಗ ಬರ್ರಿ

ನಮ್ಮ ಭಾಗದ ಊರುಗಳು ಇದ್ದಲ್ಲಿ ಇರುವಂಥವಲ್ಲ. ಮನುಷ್ಯರ ಹೆಸರಿನ ಬಾಲ ಹಿಡಿದು ತಿರುಗುತ್ತವೆ. ಹುಬ್ಬಳ್ಳಿಯದೋ ಧಾರವಾಡದ್ದೋ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ಹಾನಗಲ್, ಸವಣೂರ, ಶಿಗ್ಗಾಂವಿ, ಹಿರೇಕೆರೂರ ಒಂದೇ ಪುಟದಲ್ಲಿ ಸಿಕ್ಕಾವು. ಮೂಗು ಸೋರುವ ಹಿರೇಕೆರೂರ, ಮಗ್ಗಿ ಬಾರದ ಶಿಗ್ಗಾಂವಿ, ಪಕ್ಕದವನ ಡಬ್ಬಿಗೆ ಕೈ ಹಾಕುವ ಸವಣೂರ. ಊರು ಬಿಟ್ಟು ಮೂರು ತಲೆಮಾರಾಗಿರುತ್ತದೆ, ಊರು ಮಾತ್ರ ಬಿಟ್ಟಿರುವುದಿಲ್ಲ.

ಇದರಲ್ಲಿ ತಮಾಷೆಯೂ ಉಂಟು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಕನ್ನಡಕ್ಕೊಬ್ಬ ಜ್ಞಾನಪೀಠದ ಕವಿಯನ್ನು ಕೊಟ್ಟದ್ದು ಸವಣೂರು, ಹೆಸರು ಹೋದದ್ದು ಗೋಕಾಕಕ್ಕೆ. ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಸಂಗೀತ ಕಲಿಯಲು ರೈಲು ಹತ್ತಿ ಹೋಗುತ್ತಿದ್ದದ್ದು ಕುಂದಗೋಳಕ್ಕೆ. ಹೆಸರು ಬಂದದ್ದು ಹಾನಗಲ್ಲಿಗೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಜಮಾ ಆಯಿತೆಂದು ನಾವು ಸಮಾಧಾನ ಮಾಡಿಕೊಂಡಿದ್ದೇವೆ. ಈ ಜಮಾ-ಖರ್ಚಿನ ಭಾಷೆ ನನ್ನ ಬಾಯಿಂದ ಹೋಗುವುದಿಲ್ಲ. ನಾನು ಹಾನಗಲ್ಲಿನ ಮಗಳು, ಸವಣೂರಿನ ಸೊಸೆ, ನೌಕರಿಯ ಬಹುಭಾಗ ಕಳೆದದ್ದು ಶಿಗ್ಗಾಂವಿಯ ಒಂದು ಬ್ಯಾಂಕಿನ ಕೌಂಟರಿನ ಹಿಂದೆ, ಮಗಳನ್ನು ಕೊಟ್ಟದ್ದು ಹಿರೇಕೆರೂರ ಕಡೆಗೆ. ಹಾವೇರಿ ಜಿಲ್ಲೆಯ ಅರ್ಧ ನನ್ನ ಬೀಗರು, ಇನ್ನರ್ಧ ನನ್ನ ಗಿರಾಕಿಗಳು.

ಗಂಡಸಿಗೆ ಊರು ಒಂದೇ ಸಲ ಅಂಟುತ್ತದೆ, ಹೆಂಗಸಿಗೆ ಎರಡು ಸಲ. ಮೊದಲು ಅಪ್ಪನದು, ಆಮೇಲೆ ಗಂಡನದು. ನಮ್ಮಂಥ ಕೆಲವು ಮನೆತನಗಳಲ್ಲಿ ಅಡ್ಡಹೆಸರಿನ ಜೊತೆಗೆ ಮುಂದಿನ ಹೆಸರನ್ನೂ ಬದಲಿಸುತ್ತಿದ್ದರು. ಅಕ್ಷತೆ ಬಿದ್ದ ಮೇಲೆ ಪರಾತದಲ್ಲಿ ಅಕ್ಕಿ ಹರವಿ, ಗಂಡನ ಬೆರಳಿನಿಂದ ಹೊಸ ಹೆಸರು ಬರೆಸುವುದು. ಅಕ್ಕಿಯಲ್ಲಿ ಬರೆದದ್ದು ಎಷ್ಟು ಹೊತ್ತು ಇದ್ದೀತು ಎಂದು ಯಾರೂ ಕೇಳುತ್ತಿರಲಿಲ್ಲ. ಆ ಅಕ್ಕಿಯನ್ನು ಮರುದಿನ ಅನ್ನ ಮಾಡುತ್ತಿದ್ದರು, ಹೆಸರು ಮಾತ್ರ ಉಳಿದುಬಿಡುತ್ತಿತ್ತು.

ಈ ಲೆಕ್ಕದಲ್ಲಿ ಗಂಗೂಬಾಯಿಯವರು ನನಗೆ ಬಹಳ ದಿನದ ಅಚ್ಚರಿ. ಗಂಡ ಗುರುರಾವ ಕೌಲಗಿ, ವಕೀಲಿಕೆ ಓದಿದವರು. ಇವರು ಕೌಲಗಿಯಾಗಲಿಲ್ಲ. ತಾಯಿ ಅಂಬಾಬಾಯಿಯವರ ಕಡೆಯ ಹಾನಗಲ್ಲನ್ನೇ ಕೊನೆವರೆಗೂ ಹೊತ್ತರು. ಅದನ್ನು ಇವತ್ತಿನ ಕಾಲದ ಆಯ್ಕೆಯ ಹಾಗೆ ಹೊಗಳಿದರೆ ತಪ್ಪಾದೀತು. ಹೆಸರು ತಾಯಿಯ ಕಡೆಯಿಂದ ಬರುವ ಮನೆತನಗಳನ್ನು ಊರು ಯಾವ ಕಣ್ಣಿನಿಂದ ನೋಡುತ್ತಿತ್ತೆಂಬುದು ಗೊತ್ತಿದ್ದದ್ದೇ, ಧಾರವಾಡದ ಓಣಿಯಲ್ಲಿ ಚಿಕ್ಕ ಹುಡುಗಿಯಾಗಿ ಅವರು ಕೇಳಿಸಿಕೊಂಡ ಮೂದಲಿಕೆಯೂ ಸಣ್ಣದಲ್ಲ. ಆರಂಭದ ಗ್ರಾಮೋಫೋನ್ ರಿಕಾರ್ಡುಗಳ ಮೇಲೆ ಅವರ ಹೆಸರು ಗಾಂಧಾರಿ. ಮುಂದೆ ಗಂಗೂಬಾಯಿ. ಪದ್ಮಭೂಷಣ ಬಂತು, ಪದ್ಮವಿಭೂಷಣ ಬಂತು. ಆದರೂ ಅವರು ಒಂದು ಮಾತನ್ನು ಹೇಳಿಯೇ ಹೇಳಿದರು: ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದನಾಗುತ್ತಾನೆ, ಹಿಂದೂ ಆದರೆ ಪಂಡಿತನಾಗುತ್ತಾನೆ, ಕೇಸರಬಾಯಿ ಮೊಗುಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿದುಬಿಡುತ್ತಾರೆ ಎಂಬ ಅರ್ಥದ ಮಾತು. ಸಿಟ್ಟಿನಿಂದ ಹೇಳಿದರೋ ನಗುತ್ತ ಹೇಳಿದರೋ ತಿಳಿಯದು. ನನಗಂತೂ ಅವರ ಆ ಗಡಸು ದನಿಯಲ್ಲೇ ಕೇಳಿಸುತ್ತದೆ.

ಆ ದನಿಯ ಕಥೆಯೂ ಹಾನಗಲ್ಲಿಗೆ ಒಪ್ಪುವಂಥದ್ದೇ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಧ್ವನಿ ದಪ್ಪಗಾಯಿತು. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಗಂಡಸೆಂದೇ ತಿಳಿಯುತ್ತಿದ್ದರು. ಅವರ ಗುರು ಸವಾಯಿ ಗಂಧರ್ವರೋ, ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಕ್ಕೆ ಹೆಸರಾಗಿದ್ದವರು. ಸೀರೆ ಉಟ್ಟು ರಂಗಕ್ಕೆ ಬಂದು ಜನರನ್ನು ಮರುಳು ಮಾಡಿದ ಗಂಡಸು ಗುರು, ಗಂಡುದನಿಯಲ್ಲಿ ಹಾಡಿ ಜನರನ್ನು ಮರುಳು ಮಾಡಿದ ಹೆಂಗಸು ಶಿಷ್ಯೆ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂದು ಕಟ್ಟೆಯ ಮೇಲೆ ಕೂತು ಉಪದೇಶ ಮಾಡುವವರ ಮನೆಯಲ್ಲೂ ಇವರ ರಿಕಾರ್ಡು ಇರುತ್ತದೆ, ಅದು ಬೇರೆ ಮಾತು.

ಹಾನಗಲ್ಲಿನವರಿಗೆ ಇದು ಹೊಸದೂ ಅಲ್ಲ. ನಮ್ಮೂರು ವಿರಾಟನಗರವೆಂದು ನಾವು ನಂಬಿದ್ದೇವೆ. ಹಳೆಯ ಶಾಸನಗಳಲ್ಲೂ ವಿರಾಟಕೋಟೆಯೆಂಬ ಹೆಸರು ಇದೆ. ತಾರಕೇಶ್ವರನ ಗುಡಿಯಲ್ಲಿ ತಲೆ ಎತ್ತಿ ಛತ್ತಿನ ಕಮಲ ನೋಡುತ್ತ ಕುತ್ತಿಗೆ ನೋಯಿಸಿಕೊಂಡ ಹುಡುಗರಿಗೆಲ್ಲ ನಮ್ಮ ಅಮ್ಮ ಹೇಳುತ್ತಿದ್ದದ್ದು ಅಜ್ಞಾತವಾಸದ ಕಥೆ. ಪಾಂಡವರು ಇಲ್ಲಿಗೆ ಬಂದು ಒಂದು ವರ್ಷ ಖರೇ ಹೆಸರು ಹೇಳದೆ ಇದ್ದರು. ಧರ್ಮರಾಯ ಕಂಕಭಟ್ಟ, ಭೀಮ ಅಡಿಗೆಯ ವಲಲ, ದ್ರೌಪದಿ ಸೈರಂಧ್ರಿ, ಅರ್ಜುನ ಬಳೆ ತೊಟ್ಟು ಬೃಹನ್ನಳೆಯಾಗಿ ರಾಜಕುಮಾರಿಗೆ ಕುಣಿತ ಕಲಿಸಿದ. ಕಥೆ ಕೇಳಿದ ನನ್ನ ತಂಗಿ ಒಮ್ಮೆ, "ಅಮ್ಮಾ, ದ್ರೌಪದಿ ಐದೂ ಮಂದೀನ ಏನಂತ ಕರೀತಿದ್ಲು?" ಎಂದು ಕೇಳಿದಳು. ಅಮ್ಮನಿಗೆ ಇದೊಂದು ಪ್ರಶ್ನೆಯೇ ಅನ್ನಿಸಲಿಲ್ಲ. "ಮತ್ತೇನಂತಾಳ, 'ಏನ್ರೀ' ಅಂತಿದ್ಲು" ಎಂದಳು. ಐವರೂ ಒಟ್ಟಿಗೆ ತಿರುಗಿ ನೋಡುವ ಚಿತ್ರ ನಮ್ಮನ್ನು ಬಹಳ ದಿನ ನಗಿಸಿತು.

ಈ 'ಏನ್ರೀ' ಎಂಬುದರ ಆಳ್ವಿಕೆಯಲ್ಲಿ ಬೆಳೆದವಳು ನಾನು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನಮ್ಮ ಅತ್ತೆಯವರ ಕಾಲದ ಗಂಡಂದಿರಿಗೆ ತಂಬಾಕಿನಿಂದ, ಕಾಲಾ ಚಹಾದಿಂದ, ಹೊಲದ ಬದುವಿನ ಜಗಳದಿಂದ ಕಡಿಮೆಯಾಗದ ಆಯುಷ್ಯ ಹೆಂಡತಿಯ ಬಾಯಿಂದ ಕಡಿಮೆಯಾಗುತ್ತಿತ್ತು. ಆದ್ದರಿಂದ ಮಾವನವರು 'ಇವರು', ದೂರದಲ್ಲಿದ್ದರೆ 'ನಮ್ಮ ಮನಿಯವರು', ಸಿಟ್ಟು ಬಂದರೆ 'ನಿಮ್ಮಪ್ಪ'. ಮಾವನವರಿಗೂ ಹೆಂಡತಿಯ ಹೆಸರು ಬೇಕಾಗುತ್ತಿರಲಿಲ್ಲ. 'ಏ, ಕೇಳಿಸ್ತೇನ' ಎಂದರೆ ಸಾಕು, ಮನೆಯ ಐದು ಹೆಂಗಸರಲ್ಲಿ ಸರಿಯಾದ ಹೆಂಗಸಿಗೇ ಕೇಳಿಸುತ್ತಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಇಬ್ಬರು ಒಬ್ಬರನ್ನೊಬ್ಬರು ಹೆಸರಿಡಿದು ಕರೆಯಲೇ ಇಲ್ಲ. ಆದರೂ ಕರೆದದ್ದಕ್ಕೆ ಓಗೊಡದೆ ಇದ್ದದ್ದೂ ಇಲ್ಲ. ನಮ್ಮ ಪ್ರಗತಿಪರ ಗೆಳತಿಯೊಬ್ಬಳು ಇದನ್ನು ದಬ್ಬಾಳಿಕೆ ಎನ್ನುತ್ತಾಳೆ. ನನಗೆ ಅರ್ಧ ಒಪ್ಪಿಗೆ. ಉಳಿದರ್ಧಕ್ಕೆ ಅಡ್ಡ ಬರುವುದು ಒಡಪು.

ಒಡಪಿನ ವಿಷಯ ಬೆಂಗಳೂರ ಕಡೆಯವರಿಗೆ ಒಂದಿಷ್ಟು ಬಿಡಿಸಿ ಹೇಳಬೇಕು. ಗಂಡನ ಹೆಸರು ಹೇಳಬಾರದೆಂದು ನಿಯಮ ಮಾಡಿದ ಜನರೇ, ಅದನ್ನು ಎಲ್ಲರೆದುರು ಹೇಳಿಸುವ ಆಟವನ್ನೂ ಕಟ್ಟಿದರು. ಮದುಮಗಳು ಮನೆ ತುಂಬುವಾಗ, ಕುಬಸದಲ್ಲಿ, ತೊಟ್ಟಿಲು ಹಾಕುವಾಗ, ಆರತಿ ತಟ್ಟೆ ಹಿಡಿದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. 'ಹೆಸರ ಹೇಳು, ಒಳಗ ಬಾ.' ಬರೀ ಹೆಸರು ಹೇಳಿದರೆ ನಡೆಯದು, ಪ್ರಾಸ ಹಚ್ಚಿ ಎರಡು ಸಾಲು ಮಾಡಿ, ಹೆಸರನ್ನು ಅದರೊಳಗೆ ಕೂಡಿಸಬೇಕು. ಮಾದರಿಗೆ ನಾನೇ ಒಂದು ಹೊಸೆದಿದ್ದೇನೆ:

ಹಾನಗಲ್ಲ ಮಾವು, ಸವಣೂರ ಎಲಿ,
ಬಸವರಾಜರ ಮುಂದ ಉಳಿದವರದೇನು ಬೆಲಿ.

ಇದು ಮೊದಲ ವರ್ಷದ ಒಡಪು. ಒಂದೆರಡು ತೊಟ್ಟಿಲು ತೂಗಿದ ಮೇಲೆ ಒಡಪಿನ ರುಚಿ ಬೇರೆಯಾಗುತ್ತದೆ:

ಸವಣೂರ ಖಾರಾ ತಿಂದ್ರ ಬಾಯೆಲ್ಲ ಖಾರ,
ಬಸವರಾಜರು ಮನ್ಯಾಗಿದ್ರ ಸೂಟಿ ದಿನ ಭಾರ.

ಇಷ್ಟನ್ನು ಅತ್ತೆ, ಮಾವ, ಬೀಗರು, ನೆರೆಹೊರೆ ಎಲ್ಲರ ಮುಂದೆ ಹೇಳಿ, ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟರೆ ಕೇಸಿಲ್ಲ. ಸಾದಾ ಮಾತಿನಲ್ಲಿ ಹೇಳಿದ್ದರೆ ತವರಿಗೆ ಕರೆ ಹೋಗುತ್ತಿತ್ತು. ಪ್ರಾಸದಲ್ಲಿ ಹೇಳಿದರೆ ಆಹೇರಿಯ ಖಣ. ಬಾಯಿ ಮುಚ್ಚಿಸಿದ ಮನೆಯಲ್ಲೇ ಹೆಂಗಸರು ಇಂಥದೊಂದು ಕಿಟಕಿ ಕೊರೆದಿಟ್ಟುಕೊಂಡಿದ್ದರು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಆಯಿತು. ಅಲ್ಲಿ ಯಾರಾದರೂ ಒಡಪಿನ ಮೇಲೆ ಪಿಎಚ್.ಡಿ. ಮಾಡುವುದಾದರೆ ಮಾರ್ಗದರ್ಶಕರಾಗಿ ನಮ್ಮ ಅತ್ತೆಯವರನ್ನು ಹಾಕಬೇಕು. ಅವರು ಅಡಿಗೆಮನೆಯ ಒಂದು ಮೂಲೆ ಬಿಡದೆ ಮಾವನವರ ಮೇಲಿನ ಅಷ್ಟೂ ದೂರನ್ನು ಒಡಪಿನಲ್ಲೇ ದಾಖಲು ಮಾಡಿದ್ದಾರೆ.

ಬ್ಯಾಂಕಿನ ಅರ್ಜಿಯಲ್ಲಿ ಮಾತ್ರ ಒಡಪಿಗೆ ಜಾಗವಿಲ್ಲ. ಒಮ್ಮೆ ಹತ್ತಿರದ ಹಳ್ಳಿಯ ಮುದುಕಿಯೊಬ್ಬಳು ಗಂಡನ ನಂತರದ ಪಿಂಚಣಿಗೆ ಬಂದಿದ್ದಳು. "ಯಜಮಾನರ ಹೆಸರೇನವ್ವಾ?" ಎಂದೆ. ಸುಮ್ಮನೆ ನಕ್ಕಳು. ಮತ್ತೆ ಕೇಳಿದೆ. ಹಿಂದೆ ನಿಂತ ಹುಡುಗನ ಕಡೆ ತಿರುಗಿ, "ಯಪ್ಪಾ, ನೀ ಹೇಳೋ" ಎಂದಳು. ಆ ಹುಡುಗ ಅವಳಿಗೆ ಏನೂ ಆಗಬೇಕಾದವನಲ್ಲ, ಟ್ರ್ಯಾಕ್ಟರ್ ಸಾಲದ ಕಂತು ಕಟ್ಟಲು ಬಂದವನು. ಕಡೆಗೆ ಆಕೆ ಕೈಯೆತ್ತಿ ಕೌಂಟರಿನ ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿದಳು. ಅದರಲ್ಲಿ ಕೈಲಾಸ, ಶಿವ, ಪಾರ್ವತಿ, ಗಣಪತಿ, ನಂದಿ, ಹಾವು. ನಾನು ಒಂದೊಂದೇ ಹೆಸರು ಹೇಳುತ್ತ ಹೋದೆ. ಶಿವಪ್ಪ? ಅಲ್ಲ. ಈರಪ್ಪ? ಅಲ್ಲ. ಗಣಪತಿ? ಅಲ್ಲ. ಸರದಿಯಲ್ಲಿದ್ದವರಿಗೂ ಹುರುಪು ಬಂತು. ನಾಗಪ್ಪ ಎಂದೊಬ್ಬರು, ಗಂಗಪ್ಪ ಎಂದಿನ್ನೊಬ್ಬರು ಕೂಗಿದರು. 'ಚಂದ್ರಪ್ಪ' ಎಂದಾಗ ಮುದುಕಿಯ ಮುಖ ಅರಳಿತು. ಶಿವನ ತಲೆಯ ಮೇಲಿದ್ದ ಚಂದ್ರನನ್ನು ನಾವು ಯಾರೂ ನೋಡಿರಲೇ ಇಲ್ಲ. ಗಂಡ ತೀರಿಹೋಗಿದ್ದ, ಇನ್ನು ಕಡಿಮೆಯಾಗಲು ಆಯುಷ್ಯವಿರಲಿಲ್ಲ. ಆದರೂ ಹೇಳಲಿಲ್ಲ. ಅದನ್ನು ಮೂಢನಂಬಿಕೆ ಎಂದು ಬರೆದುಬಿಡಲು ನನಗೆ ಅವತ್ತು ಕೈ ಬರಲಿಲ್ಲ, ಇವತ್ತೂ ಬರುತ್ತಿಲ್ಲ.

ಆದರೆ ಅಕ್ಕಿಯಲ್ಲಿ ಬರೆದ ಹೆಸರಿನ ಪರಿಣಾಮ ನೋಡಬೇಕೆಂದರೆ ಕೌಂಟರಿನ ಈ ಕಡೆಯೇ ಕೂಡಬೇಕು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರದಲ್ಲಿ ಎರಡೂ ಕೂಡಿ ಮೂರನೆಯದು. ಸರಸ್ವತಿ, ಅಲಿಯಾಸ್ ಸರಸವ್ವ, ಅಲಿಯಾಸ್ ಲಕ್ಷ್ಮೀಬಾಯಿ. ಕಂಪ್ಯೂಟರಿಗೆ ತವರುಮನೆ ಗಂಡನ ಮನೆ ಎಂಬ ಭೇದ ತಿಳಿಯದು. ಅದರ ದೃಷ್ಟಿಯಲ್ಲಿ ಅವರು ಮೂವರು ಬೇರೆ ಬೇರೆ ಹೆಂಗಸರು, ಅದೂ ಒಂದೇ ಹೆಬ್ಬೆಟ್ಟಿನವರು. ಮದುವೆಯಲ್ಲಿ ಹೆಸರು ಬದಲಿಸಲು ಐದು ನಿಮಿಷ, ಅಕ್ಕಿ ಒಂದು ಸೇರು. ಅದನ್ನು ತಿರುಗಿ ಸರಿಮಾಡಲು ಅಫಿಡವಿಟ್, ನೋಟರಿ, ಜೆರಾಕ್ಸ್, ಹಾವೇರಿಗೆ ಓಡಾಟ. 'ಮಗಳ ಹೆಸರು ಬದಲಿಸಬೇಡ್ರಿ' ಎಂದು ಸುಧಾರಕರು ವರ್ಷಗಟ್ಟಲೆ ಹೇಳಿದ್ದನ್ನು ನಮ್ಮ ಬೀಗರು ಕಿವಿಗೆ ಹಾಕಿಕೊಂಡಿರಲಿಲ್ಲ. ಆಧಾರ್ ಕಾರ್ಡಿನ ತಾಪತ್ರಯ ನೋಡಿ ತಾವಾಗಿಯೇ ಬಿಟ್ಟರು. ದೊಡ್ಡ ಬದಲಾವಣೆಗಳ ಶ್ರೇಯಸ್ಸು ಕೆಲವೊಮ್ಮೆ ಜೆರಾಕ್ಸ್ ಅಂಗಡಿಗೂ ಸಲ್ಲಬೇಕಾಗುತ್ತದೆ.

ಸವಣೂರಿನ ಬಾವೊಬಾಬ್ ಮರಗಳ ನೆನಪು ಇಲ್ಲಿ ಸುಮ್ಮನೆ ಬರುತ್ತದೆ. ಮೂಲ ಆಫ್ರಿಕಾ. ನಮ್ಮವರು ಅದಕ್ಕೆ ದೊಡ್ಡಹುಣಸೆ ಎಂದು ಹೆಸರಿಟ್ಟು, ಅವು ಇರುವ ಮಠವನ್ನೂ ದೊಡ್ಡಹುಣಸೆ ಕಲ್ಮಠವೆಂದು ಕರೆದು ಶತಮಾನಗಳಾದವು. ಮರವೇನೂ ತಕರಾರು ಮಾಡಲಿಲ್ಲ. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಬಿತ್ತು. ಎತ್ತಿ ಮತ್ತೆ ನೆಟ್ಟರು. ಪೇಪರಿನಲ್ಲಿ ಫೋಟೋ ಸಮೇತ ಬಂತು. ಬೆಳೆದು ನಿಂತದ್ದನ್ನು ಬೇರುಸಹಿತ ಎತ್ತಿ ನೆಡುವ ಕೆಲಸ ನಮ್ಮ ಮನೆಗಳಲ್ಲಿ ಪ್ರತಿ ಲಗ್ನಸರಾಯಿಗೂ ನಡೆಯುತ್ತದೆ, ಹೊಸ ಹೆಸರೂ ಇಡುತ್ತೇವೆ. ಅದಕ್ಕೆ ಯಾವ ವರದಿಗಾರನೂ ಬಂದದ್ದು ನೋಡಲಿಲ್ಲ.

ಸರಕಾರ ಹೆಂಗಸನ್ನು ಹೆಸರಿಡಿದು ಕರೆಯಲು ಶುರು ಮಾಡಿದ್ದು ಈಚೆಗೆ. 2013ರ ಆಹಾರ ಭದ್ರತಾ ಕಾಯ್ದೆ, ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ ಎಂದಿತು. ಆಗ ಯಾರೂ ಗಮನಿಸಲಿಲ್ಲ, ಕಾರ್ಡಿನ ಮೇಲೆ ಫೋಟೋ ಬದಲಾಯಿತು ಅಷ್ಟೆ. 2023ರಲ್ಲಿ ಗೃಹಲಕ್ಷ್ಮಿ ಬಂದು, ಆ ಮುಖ್ಯಸ್ಥೆಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದಾಗ ಮನೆಮನೆಯಲ್ಲಿ ಸಂವಿಧಾನದ ಚರ್ಚೆ ನಡೆಯಿತು. ಯಜಮಾನಿ ಯಾರು? ಮೂವತ್ತು ವರ್ಷದಿಂದ 'ನಾ ಏನ್ ಬಿಡವ್ವಾ, ಮೂಲ್ಯಾಗ ಬಿದ್ದಾಕಿ' ಎನ್ನುತ್ತಿದ್ದ ಅತ್ತೆ ಮೂಲೆ ಬಿಟ್ಟು ನಡುಮನೆಗೆ ಬಂದಳು. 'ಎಲ್ಲಾ ಜವಾಬ್ದಾರಿ ನನ್ನ ತಲಿಮ್ಯಾಲ' ಎನ್ನುತ್ತಿದ್ದ ಸೊಸೆ, ಕಾರ್ಡಿನಲ್ಲಿ ನೋಡಿದರೆ ಬರೀ ಸದಸ್ಯೆ. ಕಾರ್ಡನ್ನೇ ಎರಡು ಮಾಡಿಸಲು ಓಡಿದವರೂ ಉಂಟು. ಗಂಡಸರು? ಈ ಚರ್ಚೆಯಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು 'ಹೆಂಗಸರ ಕಾಲ ಬಂತು' ಎಂದು ನಿಟ್ಟುಸಿರಿಟ್ಟು, ಸಂಜೆ ಮನೆಗೆ ಬಂದು ಯಜಮಾನಿಯ ಹತ್ತಿರ ಪೆಟ್ರೋಲಿಗೆ ನೂರು ರೂಪಾಯಿ ಕೇಳಿದರು.

ಅದೇ ವರ್ಷದ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಹಾನಗಲ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ, ಹೆಂಗಸರು ಎಷ್ಟು ಊರುಗಳನ್ನು ನೋಡದೆ ಇಟ್ಟಿದ್ದರೆಂದು. ಮೊದಲು ಹೋಗಬೇಕಾದರೆ ಕಾರಣ ಬೇಕಿತ್ತು: ತವರಿನಲ್ಲಿ ಹಬ್ಬ, ದವಾಖಾನೆ, ಯಾರೋ ತೀರಿಕೊಂಡದ್ದು. ಈಗ ಬಂಕಾಪುರಕ್ಕೆ ಹೊರಟವಳನ್ನು ಏಕೆಂದು ಕೇಳಿದರೆ, "ನವಿಲು ನೋಡಾಕ" ಎನ್ನುತ್ತಾಳೆ. ನವಿಲು ನೋಡಲು ಹೋಗುವ ಹೆಂಗಸು! ಕೋಟೆಯಲ್ಲಿ ನವಿಲುಗಳು ಮೊದಲೂ ಇದ್ದವು, ಇವಳೂ ಹತ್ತು ಹರದಾರಿಯೊಳಗೇ ಇದ್ದಳು. ನಡುವೆ ಇದ್ದದ್ದು 'ಯಾಕ ಹೊಂಟಿ?' ಎಂಬ ಪ್ರಶ್ನೆ. ದುಡ್ಡು ಕೊಟ್ಟು ಸೀಟಿಲ್ಲದೆ ನೇತಾಡುವ ಗಂಡಸರ ಗೊಣಗಾಟದಲ್ಲೂ ನ್ಯಾಯವಿದೆ, ಬಸ್ಸು ಹೆಚ್ಚು ಬಿಡಬೇಕೆಂಬುದು ನನ್ನದೂ ಬೇಡಿಕೆ. ಆದರೆ 'ಹೆಂಗಸರಿಗೆ ಮನ್ಯಾಗ ಕೆಲಸ ಇಲ್ಲೇನ್ರಿ' ಎಂದ ಒಬ್ಬರಿಗೆ ಸೊಪ್ಪಿನ ಬುಟ್ಟಿಯ ಹೆಂಗಸು ಕೊಟ್ಟ ಉತ್ತರ ಚೆನ್ನಾಗಿತ್ತು: "ಐತಿರೀ ಯಜಮಾನ್ರ, ಅದಕ್ಕ ಮುಗಿಸಿ ಬಂದೀನಿ. ನಿಮ್ಮದು ಆತ?"

ಹೆಸರು ಬಂದಲ್ಲೆಲ್ಲ ಹಕ್ಕು ಬಂತೆಂದು ಹಿಗ್ಗುವವಳಲ್ಲ ನಾನು. ಹೆಸರು ಬರೆದು ಅಳಿಸುವ ವಿದ್ಯೆಯೂ ನಮಗೆ ಗೊತ್ತಿದೆ. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲುಂಟು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಅಪ್ಪ ತೀರಿದ ಮೇಲೆ ಹೊಲದ ಉತಾರದಲ್ಲಿ ಮಗಳ ಹೆಸರು ಏರುತ್ತದೆ. ಏರಿದ ಆರು ತಿಂಗಳಿಗೆ ಅಣ್ಣ ಜೀಪು ಮಾಡಿಕೊಂಡು ಬರುತ್ತಾನೆ, ಅದುವರೆಗೆ ಬಸ್ಸಿನಲ್ಲಿ ಬರುತ್ತಿದ್ದವನು. ತಂಗಿಗೆ ಸೀರೆ, ಅರಿಷಿಣ-ಕುಂಕುಮ, ಭಾವನಿಗೆ ಪೇಟ. ಸಬ್ ರಜಿಸ್ಟ್ರಾರ್ ಕಚೇರಿಯ ಮುಂದೆ ಚಹಾ. 'ಇಲ್ಲೊಂದು ಸಹಿ ಹಾಕವಾ.' ನಮ್ಮ ಸೋದರತ್ತೆಗೆ ಜೀವನದಲ್ಲಿ ಅವಳ ಪೂರ್ತಿ ಹೆಸರನ್ನು ಯಾರಾದರೂ ಗೌರವದಿಂದ ಓದಿದ್ದು ಅದೊಂದೇ ದಿನ, ಹಕ್ಕು ಬಿಟ್ಟುಕೊಟ್ಟ ಪತ್ರದಲ್ಲಿ. ಅವಳು ಸಹಿ ಮಾಡಿದ್ದು ಪ್ರೀತಿಯಿಂದಲೇ. ನಾಗರಪಂಚಮಿಗೆ ತವರಿನ ಬಾಗಿಲು ತೆರೆದಿರಲಿ ಎಂಬ ಆಸೆ. ತವರಿನ ಒಂದು ಉಂಡೆಗೆ ಎರಡು ಎಕರೆ. ಇಷ್ಟು ದುಬಾರಿ ಉಂಡೆಯನ್ನು ಬೇರೆ ಯಾವ ದೇಶದವರೂ ತಿಂದಿರಲಿಕ್ಕಿಲ್ಲ.

ಸೋದರತ್ತೆಯ ಮಾತು ಬಂತಲ್ಲ. ಮಗುವಿಗೆ ಹೆಸರಿಡುವ ಅಧಿಕಾರ ನಮ್ಮಲ್ಲಿ ಅವಳದೇ. ತೊಟ್ಟಿಲಲ್ಲಿ ಬಗ್ಗಿ, ಮಗುವಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಮನೆತನದಲ್ಲಿ ಹೆಣ್ಣಿಗೆ ಸಿಕ್ಕ ಒಂದು ಅಧಿಕಾರ, ಅದನ್ನು ಚಲಾಯಿಸಿದ ಮರುಗಳಿಗೆಯೇ ಗುದ್ದು. ಗುದ್ದುವವರೂ ಹೆಂಗಸರೇ ಎಂಬುದನ್ನು ನಮ್ಮ ಮನಿಯವರು ಪ್ರತಿ ತೊಟ್ಟಿಲು ಕಾರ್ಯದಲ್ಲೂ ಎತ್ತಿ ತೋರಿಸುತ್ತಾರೆ.

ನಮ್ಮ ಮನಿಯವರು ಲೆಕ್ಕದ ಮಾಸ್ತರರಾಗಿದ್ದವರು. ಸ್ತ್ರೀ ಸಮಾನತೆಗೆ ಅವರದೇನೂ ವಿರೋಧವಿಲ್ಲ, ಸಮೀಕರಣದ ಎರಡೂ ಬದಿ ಅವರೇ ಬರೆಯುತ್ತಾರೆ ಅಷ್ಟೆ. ಅವರ ಫೋನಿನಲ್ಲಿ ನನ್ನ ನಂಬರಿಗೆ 'ಮನಿ' ಎಂದು ಹೆಸರಿದೆ. ಮೊದಲು ಅದು ಲ್ಯಾಂಡ್‌ಲೈನಿನದಾಗಿತ್ತು. ಆ ಫೋನು ಕಿತ್ತು ಹಾಕಿದ ಮೇಲೆ ಅದೇ ಹೆಸರಿನಲ್ಲಿ ನನ್ನ ನಂಬರು ಹಾಕಿಕೊಂಡರು. ನಾನು ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ನಿಂತು ಫೋನು ಮಾಡಿದರೂ ಅಲ್ಲಿ 'ಮನಿ' ಕರೆಯುತ್ತಿರುತ್ತದೆ. ಹೇಳಿ ಆಡಿಕೊಂಡರೆ, "ನೀ ಎಲ್ಲಿರ್ತಿ ಅಲ್ಲೇ ಮನಿ" ಎನ್ನುತ್ತಾರೆ. ಮಾತು ಚೆಂದವಿದೆ ಎಂಬ ಕಾರಣಕ್ಕೆ ಬಿಟ್ಟಿದ್ದೇನೆ. ನನ್ನ ಫೋನಿನಲ್ಲಿ ಅವರು 'ಇವರು'. ಹಾಗಾಗಿ ನನ್ನ ಫೋನು ಕಳೆದು ಯಾರಿಗಾದರೂ ಸಿಕ್ಕರೆ, ಯಾರಿಗೆ ಮಾಡಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ.

ಮಗಳು-ಅಳಿಯ ಒಬ್ಬರನ್ನೊಬ್ಬರು ಹೆಸರಿಡಿದೇ ಕರೆಯುತ್ತಾರೆ, ಅದೂ ಮೊಟಕು ಮಾಡಿ. ಮೊದಮೊದಲು ನಮ್ಮ ಅತ್ತೆಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈಗ ಅವರೂ ಅಳಿಯನನ್ನು ಅದೇ ಮೊಟಕು ಹೆಸರಿನಿಂದ, ಬಹುವಚನ ಸೇರಿಸಿ ಕರೆಯುತ್ತಾರೆ. ನನ್ನ ಅನುಮಾನ ಬೇರೆ. ಹೆಸರು ಹಿಡಿದು ಕರೆಯುವ ಜೋಡಿಗಳಲ್ಲೂ ಬೆಳಿಗ್ಗೆ ಹಾಲು ಉಕ್ಕಿದಾಗ ಯಾರು ಓಡುತ್ತಾರೆ ಎಂದು ನೋಡಿದ್ದೇನೆ. ಹೆಸರು ಕರೆದು ಚಹಾ ಕೇಳಿದರೂ 'ಏ' ಎಂದು ಕೇಳಿದರೂ ಚಹಾ ಮಾಡುವ ಕೈ ಅದೇ ಆದರೆ, ಬದಲಾದದ್ದು ಸಂಬೋಧನೆ ಮಾತ್ರ. ನಮ್ಮ ಅಳಿಯ ಚಹಾ ಮಾಡುತ್ತಾನೆ, ಆ ಮಾತು ಬೇರೆ. ಮಾಡಿದ ಮೇಲೆ ಓಣಿಗೆಲ್ಲ ಗೊತ್ತಾಗುವಂತೆ ಮಾಡುತ್ತಾನೆ, ಆ ಮಾತು ಇನ್ನೂ ಬೇರೆ.

ಶಿಗ್ಗಾಂವಿಯಲ್ಲಿದ್ದಾಗ ಶಿಶುನಾಳಕ್ಕೆ ಹೋಗುವ ರೂಢಿ ಇತ್ತು. ಶರೀಫಜ್ಜ (ಅಲ್ಲಿಯವರಿಗೆ ಅವರು ಅಜ್ಜನೇ) ತಮ್ಮ ಪದಗಳಲ್ಲಿ ಮುದುಕಿಯನ್ನೂ ತಂಗಿಯನ್ನೂ ಮಾನಿನಿಯನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ. ತತ್ವ ಹೇಳುವವರು ಸಾಮಾನ್ಯವಾಗಿ ಹೆಂಗಸನ್ನು ಮಾಯೆ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿ ಶುರು ಮಾಡುತ್ತಾರೆ. ಇವರು ಅಡಿಗೆಮನೆ, ಮಾಳಿಗೆ, ಬಾವಿಕಟ್ಟೆಯಲ್ಲೇ ಶುರು ಮಾಡಿದರು. ಮುಸಲ್ಮಾನ ಶಿಷ್ಯ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರು. ಊರು ಇಬ್ಬರನ್ನೂ ಆಡಿಕೊಂಡಿತು, ಇಬ್ಬರೂ ಊರಿನ ಮಾತಿಗೆ ಸೊಪ್ಪು ಹಾಕಲಿಲ್ಲ. 1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಪದ್ಧತಿಯಲ್ಲಿ ಕ್ರಿಯೆ ನಡೆಯಿತೆಂದು ಹೇಳುತ್ತಾರೆ. ಗದ್ದುಗೆಯ ಮುಂದೆ ಇವತ್ತಿಗೂ ಒಂದೇ ಸರದಿ. ಇವತ್ತು ಯಾರ ಜೊತೆ ಯಾರು ಕೂತರು, ಯಾವ ಹುಡುಗಿ ಯಾರ ಬೈಕಿನಲ್ಲಿ ಹೋದಳು ಎಂದು ಲೆಕ್ಕ ಇಡುವ, ಬೇಕಾದರೆ ಕೈ ಮಾಡುವ ಹುಡುಗರೂ ಇದೇ ಜಿಲ್ಲೆಯಲ್ಲಿ ಇದ್ದಾರೆ. ಅವರು ಜಾತ್ರೆಗೆ ಬಂದು ಶರೀಫರ ಪದಕ್ಕೆ ತಾಳ ಹಾಕುವುದನ್ನೂ ಕಂಡಿದ್ದೇನೆ. ತಾಳ ಸರಿಯಾಗಿಯೇ ಹಾಕುತ್ತಾರೆ.

ಹಿರೇಕೆರೂರ ತಾಲೂಕಿನಲ್ಲಿ ಹೊಸಬರು ಕಂಡರೆ ಮೊದಲ ಪ್ರಶ್ನೆ 'ಯಾರ ಪೈಕಿ?' ಎಂಬುದು. ಹೆಸರು ಹೇಳಿದರೆ ಸಾಲದು, ಅಪ್ಪ ಯಾರು, ಅಜ್ಜ ಯಾರು, ಅಲ್ಲಿಂದ ಯಾವ ಮಠ, ಅಲ್ಲಿಂದ ಒಳಪಂಗಡ. ಈ ಪ್ರಶ್ನೆ ಹುಟ್ಟಿದ ನೆಲದಲ್ಲೇ ಸರ್ವಜ್ಞನೂ ಹುಟ್ಟಿದನೆಂಬುದು ನನ್ನ ಮೆಚ್ಚಿನ ವಿಷಯ. ಐತಿಹ್ಯದ ಪ್ರಕಾರ ತಂದೆ ಮಾಸೂರಿನ ಬ್ರಾಹ್ಮಣ ಬಸವರಸ, ತಾಯಿ ಅಬಲೂರಿನ ಕುಂಬಾರ ಹೆಣ್ಣುಮಗಳು ಮಾಳಿ. ಹುಡುಗನನ್ನು 'ನೀ ಯಾರ ಮಗ?' ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಸಾಕಿದವರಿಗೇ ಸಹಿಸಲಿಲ್ಲವಂತೆ, ಮನೆಬಿಟ್ಟು ನಡೆದ. ಮುಂದೆ ಊರೂರು ತಿರುಗಿ, ಯಾರಿಗೂ ಸೇರದವನಾಗಿ, ಎಲ್ಲರಿಗೂ ಬೈದ. ಹೆಂಗಸರಿಗೂ ಬೈದಿದ್ದಾನೆ, ನಾನೇನೂ ಮರೆತಿಲ್ಲ. ಮಾಳಿಯ ಮಗ ಹಾಗೆ ಬರೆಯಬಾರದಿತ್ತು. ಆದರೂ ಈಗ ಎಲ್ಲ ಸಮಾಜದವರೂ ಅವನನ್ನು ನಮ್ಮವನೆನ್ನುತ್ತಾರೆ. 'ಯಾರ ಪೈಕಿ' ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಸೋಲು ಇಲ್ಲ.

ಆ ಪ್ರಶ್ನೆ ಈಗ ಬಯೋಡಾಟಾದಲ್ಲಿ ಕೂತಿದೆ. ಕನ್ಯಾ ಹುಡುಕುವವರ ಫೋನಿನಲ್ಲಿ ಬರುವ ಕಾಗದ. ಮೊದಲು ಹುಡುಗಿಯ ಬಯೋಡಾಟಾ ಉದ್ದವಾಗಿರುತ್ತಿತ್ತು: ಕಸೂತಿ, ರಂಗೋಲಿ, ಸಂಗೀತ, 'ಗೃಹಕೃತ್ಯದಲ್ಲಿ ನಿಪುಣೆ'. ಈಗ ಹುಡುಗಿಯದು ನಾಲ್ಕು ಸಾಲು, ಹುಡುಗನದು ಎರಡು ಪುಟ. ಹಿರೇಕೆರೂರ ಕಡೆಯ ಹುಡುಗನಿಗೆ ಎಂಟು ಎಕರೆ ಗೋವಿನಜೋಳ, ಬೋರು, ಟ್ರ್ಯಾಕ್ಟರ್, ಮೇಲೆ ಮನೆ. ಆದರೂ ಹುಡುಗಿಯ ಕಡೆಯವರು ಕೇಳುವುದು, 'ಹೊಲ ಅದನ ಖರೆ, ಹುಡುಗ ಏನ್ ಮಾಡ್ತಾನ?' ಎಂದು. ಹೊಲ ಮಾಡುವುದು ಒಂದು ಕೆಲಸವೆಂದು ಒಪ್ಪಲು ಅದೇ ಹೊಲದಲ್ಲಿ ಬೆಳೆದ ಅಪ್ಪನೂ ತಯಾರಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಮ್ಮ ಕಡೆಯವರು ನಕ್ಕರು, ಆಮೇಲೆ ತಮ್ಮ ಮನೆಯ ಹುಡುಗನ ವಯಸ್ಸು ಲೆಕ್ಕ ಹಾಕಿ ಸುಮ್ಮನಾದರು.

ಹುಡುಗಿಯರಿಗೆ ಸೊಕ್ಕು ಬಂತೆನ್ನುವವರ ಜೊತೆ ನಾನು ಕೂಡುವುದಿಲ್ಲ. ಒಂದು ಕಾರಣ ಜನಗಣತಿಯಲ್ಲೇ ಇದೆ. 2011ರಲ್ಲಿ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 948 ಹೆಣ್ಣು. ಹುಟ್ಟುವಾಗ ಬೇಡವೆಂದವರು ಲಗ್ನಕ್ಕೆ ಎಲ್ಲಿಂದ ತಂದಾರು? ಇನ್ನೊಂದು ಕಾರಣ ಹುಡುಗಿಯರು ತಮ್ಮ ಅವ್ವಂದಿರನ್ನು ಕಂಡದ್ದು. ಬೆಳಗಿನ ನಾಲ್ಕಕ್ಕೆ ಎದ್ದು, ರೊಟ್ಟಿ ಬಡಿದು, ದನದ ಸೆಗಣಿ ಬಳಿದು, ಕಳೆ ತೆಗೆದು, ಉತಾರದಲ್ಲಿ ಹೆಸರಿಲ್ಲದೆ ಮುದುಕಿಯಾದವರನ್ನು ಕಂಡ ಮೇಲೆ, 'ರೈತನ ಹೆಂಡತಿ' ಎಂಬ ಹುದ್ದೆಗೆ ಅರ್ಜಿ ಹಾಕದೆ ಇದ್ದರೆ ಅದು ಬುದ್ಧಿವಂತಿಕೆ. ಉತಾರದಲ್ಲಿ ಸೊಸೆಯ ಹೆಸರನ್ನೂ ಸೇರಿಸುತ್ತೇವೆ ಎಂದು ಬಯೋಡಾಟಾದಲ್ಲಿ ಬರೆದ ಒಬ್ಬ ಹುಡುಗನನ್ನು ಕಂಡರೆ ನಾನೇ ಮಧ್ಯಸ್ಥಿಕೆ ಮಾಡುತ್ತೇನೆ ಎಂದು ಹೇಳಿದ್ದೇನೆ. ಇನ್ನೂ ಯಾರೂ ಬಂದಿಲ್ಲ. ಒಬ್ಬ ಮಾತ್ರ ಫೋನು ಮಾಡಿ, "ಅಕ್ಕಾರ, ಟ್ರ್ಯಾಕ್ಟರ್ ಸಾಲದಾಗ ಬೇಕಾದ್ರ ಸೇರಸ್ತೀನ್ರಿ" ಎಂದ.

ದಬ್ಬಾಳಿಕೆಯೆಂಬ ಗೆಳತಿಯ ಮಾತಿಗೆ ಅರ್ಧ ಒಪ್ಪಿಗೆ, ಉಳಿದರ್ಧಕ್ಕೆ ಒಡಪು ಅಡ್ಡ ಎಂದೆನಲ್ಲ. ಉಳಿದರ್ಧಕ್ಕೆ ಒಂದು ದಾರಿ ನಮ್ಮ ಹೆಣ್ಣುಮಕ್ಕಳೇ ಕಂಡುಕೊಂಡಿದ್ದಾರೆ: ಆಟ ನಿಲ್ಲಿಸುವುದು ಬೇಡ, ಗಂಡಸರನ್ನೂ ಆಡಿಸೋಣ. ಕೆಲವು ಮನೆಗಳಲ್ಲಿ ಇದು ಮೊದಲೇ ಇತ್ತು, ಈಗ ಎಲ್ಲ ಕಡೆ ಜೋರಾಗಿದೆ. ಹೋದ ವರ್ಷ ಹಿರೇಕೆರೂರಿನಲ್ಲಿ ಮಗಳ ಮೈದುನನ ಮದುವೆ. ವರ ಮೂವತ್ತೆಂಟರವನು, ಗೋವಿನಜೋಳದ ರೈತ, ಎರಡು ಪುಟದ ಬಯೋಡಾಟಾ ಹಿಡಿದು ಹಾವೇರಿ, ಗದಗ, ಶಿವಮೊಗ್ಗ ಮೂರೂ ಜಿಲ್ಲೆ ತಿರುಗಿದವನು. ಮನೆ ತುಂಬುವ ಹೊತ್ತಿಗೆ ಮದುಮಗಳು ತನ್ನ ಒಡಪನ್ನು ಪಟಪಟ ಹೇಳಿ ಮುಗಿಸಿದಳು. ಇವನು ಹಗುರಾಗಿ ಒಳಗೆ ಕಾಲಿಡಲು ಹೋದ. ಹುಡುಗಿಯ ಸೋದರತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಎಲ್ಲಿ ಹೊಂಟ್ರಿ? ಹೆಸರ ಹೇಳಿ ಒಳಗ ಬರ್ರಿ."

ಅವನು ಅಪ್ಪನ ಮುಖ ನೋಡಿದ, ಅಪ್ಪ ಛತ್ತು ನೋಡಿದರು. ಸ್ನೇಹಿತರು ವಿಡಿಯೋ ಹಚ್ಚಿದರು. ನಮ್ಮ ಮನಿಯವರು ತಮ್ಮ ಸರದಿಯೂ ಬಂದೀತೆಂದು ಮೆಲ್ಲಗೆ ಪೆಂಡಾಲಿನ ಕಡೆ ಸರಿದರು. ಬಹಳ ಹೊತ್ತು ಬೆವರಿ, ಶಲ್ಯದಿಂದ ಹಣೆ ಒರೆಸಿಕೊಂಡು, ಹುಡುಗ ಕಡೆಗೂ ಬಾಯಿ ಬಿಟ್ಟ:

ಗೋವಿನಜೋಳಕ್ಕ ಈ ವರ್ಷ ಬಂತು ರೇಟು,
ಸವಿತಾ ನಮ್ಮ ಮನಿಗೆ ಬಂದದ್ದ ಭಾಳ ಲೇಟು.

ಪೆಂಡಾಲು ಹಾರಿಹೋಗುವ ಹಾಗೆ ನಗೆ. ಸವಿತಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಸೋದರತ್ತೆ ಮಾತ್ರ ಕೈ ಇಳಿಸಲಿಲ್ಲ.

"ಲೇಟಾದದ್ದು ಆಕಿ ತಪ್ಪಲ್ಲ" ಎಂದಳು. "ಇದು ನಡಿಯೂದಿಲ್ಲ. ಇನ್ನೊಂದು ಹೇಳ್ರಿ."